ಮಿಡಿಸೌತೆಗೆ ಎರಡು ಸುಂಕದ ಕಟ್ಟೆಗಳು



1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟ ಮಿಡಿಸೌತೆ ಸುಮಾರು 90 ದಿನಗಳ ಬೆಳೆ. ಕಂಪನಿಯೊಡನೆ ಕರಾರು ಮಾಡಿಕೊಂಡು ಬೆಳೆದ ಕಾಯಿ ಉಪ್ಪುನೀರು ಇಲ್ಲವೆ ವಿನೆಗರ್‌ನಲ್ಲಿ ಸಂಸ್ಕರಣೆಗೊಂಡು ಹೊರದೇಶಗಳಿಗೆ ಹೋಗುತ್ತದೆ. ಅಲ್ಲಿನ ನಿಯಮ ಬದಲಾದರೆ ಅದರ ಬಿಸಿ ಕಾರ್ಖಾನೆಗಷ್ಟೇ ಅಲ್ಲ, ಹೊಲಕ್ಕೂ ತಟ್ಟುತ್ತದೆ.

ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟದಿಂದ ಹೊರಬಂದಿತು. ಆ ವರ್ಷದ ಕೊನೆಯವರೆಗೆ ಹಳೆಯ ಕಟ್ಟಳೆಗಳೇ ನಡೆದವು. 2021ರ ಜನವರಿ 1ರಿಂದ ಬ್ರಿಟನ್ನಿಗೆ ತನ್ನದೇ ಸುಂಕದ ಪಟ್ಟಿ ಬಂದಿತು. ಹಿಂದೆ ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಒಮ್ಮೆ ಸುಂಕ ತೆತ್ತ ಸರಕು ಲಂಡನ್ನಿಗೂ ನಿರಾತಂಕವಾಗಿ ಹೋಗುತ್ತಿತ್ತು. ಈಗ ಹಾಗಿಲ್ಲ. ಬ್ರಿಟನ್ ಮತ್ತು ಒಕ್ಕೂಟದ ನಡುವಣ ಸುಂಕರಹಿತ ವ್ಯಾಪಾರದ ಒಪ್ಪಂದ ಅಲ್ಲಿಯ ಮೂಲದ ಸರಕಿಗೆ ಮಾತ್ರ. ನಮ್ಮ ಮಿಡಿಸೌತೆ ರಾಟರ್‌ಡ್ಯಾಮಿನಲ್ಲಿ ಇಳಿದ ಮಾತ್ರಕ್ಕೆ ಅಲ್ಲಿಯದಾಗದು. ಬ್ರಿಟನ್ನಿನ ಕಟ್ಟೆಯಲ್ಲಿ ಅದರ ಲೆಕ್ಕ ಬೇರೆಯೇ ಆಗುತ್ತದೆ. ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿಯಾಗಿದೆ. ಇಂತಹ ಒಪ್ಪಂದದ ರಿಯಾಯಿತಿಗೆ ಸರಕು ಭಾರತದ ಮೂಲದ್ದೆಂಬ ದಾಖಲೆ ಅಗತ್ಯ.

ಸುಂಕಕ್ಕಿಂತ ರೈತನಿಗೆ ಹತ್ತಿರವಾದದ್ದು ಕೀಟನಾಶಕದ ಉಳಿಕೆಯ ಮಿತಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಿಗೆ ಒಂದು ಪಟ್ಟಿ. ಒಕ್ಕೂಟಕ್ಕೂ ಉತ್ತರ ಐರ್ಲೆಂಡಿಗೂ ಇನ್ನೊಂದು. ಪ್ರತ್ಯೇಕ ಮಿತಿ ಗೊತ್ತುಪಡಿಸದ ಔಷಧಿಗೆ ಎರಡೂ ಕಡೆ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ 100 ಟನ್ ಕಾಯಿಗೆ ಕೇವಲ 1 ಗ್ರಾಂ! ಹಲವು ರೈತರ ಕಾಯಿ ಒಂದೇ ಪೀಪಾಯಿಯಲ್ಲಿ ಬೆರೆತಾಗ ಒಬ್ಬರ ತಪ್ಪು ಸಿಂಪರಣೆ ಎಲ್ಲರ ಸರಕನ್ನೂ ಕೆಡಿಸಬಲ್ಲದು.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ಕರಾರಿಗೆ ಸಹಿ ಹಾಕುವ ಮುನ್ನ ಕಾಯಿ ಯಾವ ದೇಶಕ್ಕೆ ಹೋಗುವುದೆಂದು ಕೇಳಿರಿ. ಆ ದೇಶಕ್ಕೆ ಒಪ್ಪುವ ಔಷಧಿಗಳ ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಎರಡೂ ಕಡೆಗೆ ಹೋಗುವುದಾದರೆ ಕಡಿಮೆ ಮಿತಿಯನ್ನೇ ಪಾಲಿಸಿರಿ.

2. ಪಟ್ಟಿಗಳು ಆಗಾಗ ಬದಲಾಗುತ್ತವೆ. ಕಳೆದ ಹಂಗಾಮಿನ ಪಟ್ಟಿಯನ್ನು ನಂಬಬೇಡಿರಿ.

3. ಸಿಂಪಡಿಸಿದ ದಿನ, ಔಷಧಿಯ ಹೆಸರು, ಪ್ರಮಾಣ ಮತ್ತು ಕೊಯ್ಲಿನ ದಿನವನ್ನು ಪುಸ್ತಕದಲ್ಲಿ ಬರೆದಿಡಿರಿ. ಸಿಂಪರಣೆಗೂ ಕೊಯ್ಲಿಗೂ ನಡುವೆ ಸೂಚಿಸಿದಷ್ಟು ದಿನಗಳ ಅಂತರವಿರಲಿ.

4. ಸಂಸ್ಕರಣಾ ಘಟಕ ನಡೆಸುವವರು ರೈತವಾರು ಗುರುತು ಹಾಕಿ ಸರಕನ್ನು ಬೇರೆ ಬೇರೆ ಇಡತಕ್ಕದ್ದು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಮಾರುವ ಬಾಟಲಿಯ ಚೀಟಿಯ ಮೇಲೆ ಬ್ರಿಟನ್ನಿನ ವಿಳಾಸವಿರುವುದು 2024ರ ಜನವರಿ 1ರಿಂದ ಕಡ್ಡಾಯ. ಒಕ್ಕೂಟದ ವಿಳಾಸ ಅಲ್ಲಿ ಸಾಲದು.

ಮರಳಿ ಬಂದ ಸರಕಿನ ನಷ್ಟ ಕೊನೆಗೆ ಬೆಳೆಗಾರನ ದರದ ಮೇಲೆಯೇ ಬೀಳುವ ಸಂಭವ ಹೆಚ್ಚು. ಹಂಗಾಮಿನುದ್ದಕ್ಕೂ ಬರೆದಿಟ್ಟ ಪುಸ್ತಕವೇ ಆಗ ನಿಮ್ಮ ಪರವಾಗಿ ಮಾತನಾಡುವ ಸಾಕ್ಷಿ.