ಒಂದು ಮೀಟರಿನ ದಾರಿ

ಬಾಣಬಿರುಸು ಆಕಾಶಕ್ಕೆ ಏರಿದಾಗ ನೆರೆದವರ ದೃಷ್ಟಿಯೆಲ್ಲ ಅದರ ಬೆನ್ನು ಹತ್ತಿ ಮೇಲಕ್ಕೆ ಹೋಗುತ್ತದೆ. ಅದು ಯಾವ ನೆಲೆಯಿಂದ ಹೊರಟಿತೋ ಆ ನೆಲೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಹಾರಿದ್ದು ನೆಟ್ಟಗೆ ಏರಿತೆ, ಅಥವಾ ವಾಲಿಕೊಂಡು ಜನರ ನಡುವೆ ನುಗ್ಗಿತೆ ಎಂಬುದು ಬಹುಮಟ್ಟಿಗೆ ನೆಲದ ಮೇಲೆಯೇ ನಿಶ್ಚಯವಾಗಿಬಿಟ್ಟಿರುತ್ತದೆ. ಯಾರೂ ನೋಡದ ಆ ನೆಲೆಯನ್ನು, ಅಂದರೆ ಪುಟ್ಟ ರಾಕೆಟ್ಟುಗಳ ಉಡಾವಣಾ ಪೀಠವನ್ನು ಕುರಿತದ್ದು ಈ ಪಾಠ.

ರಾಕೆಟ್ಟು ಕನ್ನಡನಾಡಿಗೆ ಹೊಸದಲ್ಲ. ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಸೈನ್ಯದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿದ ರಾಕೆಟ್ಟುಗಳಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಿದ್ದ ಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತವು. ಆ ರಾಕೆಟ್ಟಿಗೆ ಉದ್ದವಾದ ಬಿದಿರಿನ ಗಳುವನ್ನು ಕಟ್ಟುತ್ತಿದ್ದರು. ಅದನ್ನು ದಿಕ್ಕು ತಪ್ಪದಂತೆ ಹಿಡಿದಿಡುವುದು ಆ ಗಳುವಿನ ಕೆಲಸ. ದಾರಿ ತೋರುವ ಗಳುವು ರಾಕೆಟ್ಟಿನೊಡನೆಯೇ ಹಾರಿಹೋಗುತ್ತಿತ್ತು. ಇಂದಿನ ಪುಟ್ಟ ರಾಕೆಟ್ಟಿನಲ್ಲಿ ಹಾಗಲ್ಲ. ದಾರಿ ತೋರುವ ಸರಳು ನೆಲದಲ್ಲಿಯೇ ಉಳಿಯುತ್ತದೆ. ರಾಕೆಟ್ಟು ಮಾತ್ರ ಮುಂದೆ ಹೋಗುತ್ತದೆ. ಈ ಏರ್ಪಾಡು ರೂಪುಗೊಂಡದ್ದು ಅಮೆರಿಕದಲ್ಲಿ.

1954ರಲ್ಲಿ ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಎಂಬಾತನಿದ್ದನು. ಪಾದರಕ್ಷೆಯ ಅಂಗಡಿ ಅವನ ಜೀವನೋಪಾಯ. ಬಾಣಬಿರುಸು ಅವನ ಹವ್ಯಾಸ. ಅವನ ಸೋದರ ರಾಬರ್ಟನಿಗೆ ಮಾದರಿ ವಿಮಾನಗಳಲ್ಲಿ ಆಸಕ್ತಿ. ಕಾಗದದ ಕೊಳವೆ ಮತ್ತು ಹಗುರವಾದ ಮರದಿಂದ ಕಾರ್ಲೈಲನು ಒಂದು ರಾಕೆಟ್ಟನ್ನು ಮಾಡಿದನು. ಅದು ಮೇಲೇರಿ ಪ್ಯಾರಾಶೂಟನ್ನು ಬಿಚ್ಚಿ ಮೆಲ್ಲನೆ ನೆಲಕ್ಕಿಳಿಯುತ್ತಿತ್ತು. ಉರಿದುಹೋದ ಮದ್ದಿನ ಕೊಳವೆಯನ್ನು ತೆಗೆದು ಹೊಸದನ್ನು ಇಟ್ಟರೆ ಮತ್ತೆ ಹಾರುತ್ತಿತ್ತು.

ಇದು ಬರಿಯ ಆಟದ ಸಾಮಾನಾಗಿ ಉಳಿಯದಿರಲು ಕಾರಣವಿದೆ. 1957ರ ಅಕ್ಟೋಬರ್ 4ರಂದು ಸೋವಿಯತ್ ದೇಶವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕದ ಹುಡುಗರ ತಲೆಗೆ ರಾಕೆಟ್ಟಿನ ಹುಚ್ಚು ಹತ್ತಿತು. ಅವರು ಲೋಹದ ಕೊಳವೆಗಳಿಗೆ ತಾವೇ ಬೆರೆಸಿದ ಮದ್ದನ್ನು ಗಿಡಿಯತೊಡಗಿದರು. ಅನೇಕರ ಬೆರಳು ಹೋಯಿತು, ಕಣ್ಣು ಹೋಯಿತು. ಕೆಲವರ ಪ್ರಾಣವೇ ಹೋಯಿತು. ಹುಡುಗರ ಕುತೂಹಲವನ್ನು ನಿಷೇಧದಿಂದ ಅಡಗಿಸುವುದು ಸಾಧ್ಯವಿರಲಿಲ್ಲ. ವೈಟ್ ಸ್ಯಾಂಡ್ಸ್ ಕ್ಷಿಪಣಿ ಪ್ರಯೋಗಕ್ಷೇತ್ರದಲ್ಲಿ ಕೆಲಸಮಾಡುತ್ತಿದ್ದ ಜಿ. ಹ್ಯಾರಿ ಸ್ಟೈನ್ ಎಂಬವನು ಕಾರ್ಲೈಲನ ರಾಕೆಟ್ಟಿನಲ್ಲಿ ಇದಕ್ಕೆ ಉತ್ತರವನ್ನು ಕಂಡನು. ಮದ್ದನ್ನು ಕಾರ್ಖಾನೆಯೇ ತುಂಬಿಕೊಡಬೇಕು, ಒಡಲು ಲೋಹದ್ದಾಗಿರಬಾರದು, ಬೆಂಕಿಯನ್ನು ಕೈಯಿಂದ ಹಚ್ಚದೆ ದೂರದಿಂದ ವಿದ್ಯುತ್ತಿನಿಂದ ಹಚ್ಚಬೇಕು. ಈ ನಿಯಮಗಳ ತಳಹದಿಯ ಮೇಲೆ 1957ರಲ್ಲಿ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಎಂಬ ಸಂಘವು ಹುಟ್ಟಿತು. ಕೊಲರಾಡೋ ರಾಜ್ಯದ ವರ್ನನ್ ಎಸ್ಟಿಸ್ ಎಂಬವನು 1959ರ ಹೊತ್ತಿಗೆ ಮದ್ದಿನ ಕೊಳವೆಗಳನ್ನು ತಾನೇ ತಯಾರಿಸುವ ಯಂತ್ರವನ್ನು ನಿರ್ಮಿಸಿದನು. ಪುಟ್ಟ ರಾಕೆಟ್ಟುಗಳೂ ಅವುಗಳ ಪೀಠಗಳೂ ಲಕ್ಷಾಂತರ ಮಕ್ಕಳ ಕೈ ಸೇರಿದವು.

ಇನ್ನು ಪೀಠದ ರಚನೆಯನ್ನು ನೋಡೋಣ. ಮೂರು ಕಾಲುಗಳ ಒಂದು ಮಣೆ. ಅದರ ನಡುವೆ ನೆಟ್ಟ, ಸುಮಾರು 3 ಮಿಲಿಮೀಟರ್ ದಪ್ಪದ, ಒಂದು ಮೀಟರಿಗೆ ತುಸು ಕಡಿಮೆ ಉದ್ದದ ಉಕ್ಕಿನ ಸರಳು. ಸರಳಿನ ಬುಡದಲ್ಲಿ ಜ್ವಾಲೆಯನ್ನು ಪಕ್ಕಕ್ಕೆ ತಿರುಗಿಸುವ ಲೋಹದ ತಟ್ಟೆ. ಉದ್ದವಾದ ತಂತಿಯ ತುದಿಯಲ್ಲಿ ಬ್ಯಾಟರಿ ಮತ್ತು ಗುಂಡಿಯಿರುವ ಪೆಟ್ಟಿಗೆ. ರಾಕೆಟ್ಟಿನ ಮೈಗೆ ಅಂಟಿಸಿದ ಚಿಕ್ಕ ಕೊಳವೆಯೊಳಗೆ ಈ ಸರಳು ತೂರಿರುತ್ತದೆ.

ರಾಕೆಟ್ಟಿಗೆ ರೆಕ್ಕೆಗಳಿರುವಾಗ ಸರಳು ಏತಕ್ಕೆ ಎಂದು ನೀವು ಕೇಳಬಹುದು. ನಿಂತ ನೀರಿನಲ್ಲಿ ನಿಂತ ದೋಣಿಯ ಚುಕ್ಕಾಣಿಯನ್ನು ಹಿಡಿದು ತಿರುವಿದರೆ ದೋಣಿ ಹೊರಳುತ್ತದೆಯೆ? ಇಲ್ಲ. ನೀರು ಹರಿದರೆ ತಾನೆ ಚುಕ್ಕಾಣಿಗೆ ಬಲ! ಹಾಗೆಯೇ ಗಾಳಿಯು ವೇಗವಾಗಿ ಹಾದುಹೋದರೆ ಮಾತ್ರ ರೆಕ್ಕೆಗಳು ಕೆಲಸಮಾಡುತ್ತವೆ. ಹೊರಡುವ ಗಳಿಗೆಯಲ್ಲಿ ರಾಕೆಟ್ಟು ಅಸಹಾಯವಾದ ಕೂಸು. ಅದಕ್ಕೆ ಸಾಕಷ್ಟು ವೇಗ ಬರುವ ತನಕ ಸರಳು ಅದರ ಕೈ ಹಿಡಿದು ನಡೆಸುತ್ತದೆ.

ಒಂದು ಸ್ಥೂಲವಾದ ಲೆಕ್ಕವನ್ನು ಮಾಡೋಣ. ರಾಕೆಟ್ಟಿನ ದ್ರವ್ಯರಾಶಿ 40 ಗ್ರಾಂ ಇರಲಿ. ಅದರ ಮದ್ದಿನ ಕೊಳವೆಯ ಮೇಲೆ 'ಬಿ6-4' ಎಂದು ಬರೆದಿರಲಿ. 'ಬಿ' ಎಂಬುದು ಒಟ್ಟು ನೂಕಿನ ವರ್ಗ. 6 ಎಂಬುದು ಸರಾಸರಿ ನೂಕುಬಲ, ನ್ಯೂಟನ್ನುಗಳಲ್ಲಿ. 4 ಎಂಬುದು ಉರಿದು ಮುಗಿದಮೇಲೆ ಪ್ಯಾರಾಶೂಟನ್ನು ಹೊರದೂಡುವವರೆಗಿನ ಸೆಕೆಂಡುಗಳು. ರಾಕೆಟ್ಟಿನ ತೂಕ ಸುಮಾರು 0.4 ನ್ಯೂಟನ್. ಅದನ್ನು ಕಳೆದರೆ ಉಳಿಯುವ 5.6 ನ್ಯೂಟನ್ ಬಲವು ರಾಕೆಟ್ಟಿಗೆ ಸೆಕೆಂಡಿಗೆ ಸೆಕೆಂಡಿಗೆ 140 ಮೀಟರ್ ವೇಗೋತ್ಕರ್ಷವನ್ನು ಕೊಡುತ್ತದೆ. 90 ಸೆಂಟಿಮೀಟರ್ ಸರಳನ್ನು ದಾಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 16 ಮೀಟರ್. ಈ ಪಯಣಕ್ಕೆ ಹಿಡಿಯುವ ಕಾಲ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ರೆಕ್ಕೆಗಳು ಕೆಲಸಕ್ಕೆ ತೊಡಗಲು ಸೆಕೆಂಡಿಗೆ ಸುಮಾರು 13 ಮೀಟರ್ ವೇಗ ಬೇಕೆಂಬುದು ಹವ್ಯಾಸಿಗಳ ರೂಢಿಯ ಅಂದಾಜು. ಸರಳನ್ನು ಅರ್ಧಕ್ಕೆ ಕತ್ತರಿಸಿದರೆ ವೇಗವು 11 ಮೀಟರಿಗೆ ಇಳಿಯುತ್ತದೆ. ಕೂಸು ನಡೆಯಲು ಕಲಿಯುವ ಮೊದಲೇ ಕೈ ಬಿಟ್ಟಂತಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಐವತ್ತು ಅರುವತ್ತು ವರ್ಷಗಳ ಹಿಂದಿನ ಈ ಪೀಠಗಳ ಮೇಲೆ ಅಮೆರಿಕದ ಅನೇಕರಿಗೆ ಇಂದು ಮಮತೆ ಹುಟ್ಟಿದೆ. ಬಾಲ್ಯದಲ್ಲಿ ತಾವು ಬಳಸಿದ್ದರ, ಈಗ ಅಂಗಡಿಯಲ್ಲಿ ದೊರೆಯದುದರ ಪ್ರತಿಕೃತಿಯನ್ನು ಅವರು ಮಾಡಿಕೊಳ್ಳುತ್ತಾರೆ. ಇದಕ್ಕೆ ನೆರವಾಗಿರುವುದು ಮೂರು ಆಯಾಮಗಳ ಮುದ್ರಣ. 1980ರ ದಶಕದಲ್ಲಿ ಚಾರ್ಲ್ಸ್ ಹಲ್ ಮತ್ತು ಸ್ಕಾಟ್ ಕ್ರಂಪ್ ಎಂಬವರು ಬೇರೆ ಬೇರೆ ಬಗೆಯಲ್ಲಿ ಇದಕ್ಕೆ ದಾರಿ ಮಾಡಿದರು. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದ ಏಡ್ರಿಯನ್ ಬೋಯರ್ ಆರಂಭಿಸಿದ ಯೋಜನೆಯಿಂದ ಇಂಥ ಯಂತ್ರವು ಮನೆಯ ಮೇಜಿನ ಮೇಲಕ್ಕೂ ಬಂದಿತು. ಅದರ ಕೆಲಸ ನಮ್ಮ ಅಡಿಗೆಮನೆಯ ಚಕ್ಕುಲಿ ಒರಳನ್ನು ನೆನಪಿಗೆ ತರುತ್ತದೆ. ಪ್ಲಾಸ್ಟಿಕ್ಕಿನ ಎಳೆಯು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಸಣ್ಣ ಮೂತಿಯಿಂದ ಹೊರಬರುತ್ತದೆ. ಗಣಕವು ಹೇಳಿದಂತೆ ಮೂತಿಯು ಚಲಿಸಿ, ಒಂದರ ಮೇಲೊಂದು ಪದರವನ್ನು ಇಡುತ್ತದೆ. ಪದರವು 0.2 ಮಿಲಿಮೀಟರ್ ಇದ್ದರೆ 10 ಸೆಂಟಿಮೀಟರ್ ಎತ್ತರಕ್ಕೆ 500 ಪದರಗಳು ಬೇಕು.

ಹಳೆಯ ಪೀಠವೊಂದು ಅಟ್ಟದಲ್ಲಿ ಸಿಕ್ಕಿತೆಂದು ಭಾವಿಸೋಣ. ಅದರ ಒಂದು ಕಾಲು ಮುರಿದಿದೆ. ಸರಳು ಕೂರುವ ರಂಧ್ರ ಸವೆದು ಸಡಿಲವಾಗಿದೆ. ಪ್ರತಿಯೊಂದು ಭಾಗವನ್ನೂ ಅಳೆದು ಇದ್ದಂತೆಯೇ ಮುದ್ರಿಸಿದರೆ ರೂಪವೇನೋ ಬರುತ್ತದೆ. ಅದರೊಡನೆ ಹಳೆಯ ದೋಷವೂ ಬರುತ್ತದೆ. ಅಜ್ಜ ನೆಟ್ಟ ಆಲದಮರವೆಂದು ಅದಕ್ಕೆ ನೇಣು ಹಾಕಿಕೊಳ್ಳುವುದು ಜಾಣತನವಲ್ಲ. ಆದುದರಿಂದ ಒಳ್ಳೆಯ ಕುಶಲಿಯು ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು, ಇದು ಏಕೆ ಮುರಿಯಿತು ಎಂದು ಕೇಳುತ್ತಾನೆ.

ಕಾಲು ಮುರಿದದ್ದು ಮಣೆಗೆ ಸೇರುವ ಚೂಪಾದ ಒಳಮೂಲೆಯಲ್ಲಿ. ಅಂಥ ಮೂಲೆಯಲ್ಲಿ ಒತ್ತಡವೆಲ್ಲ ಒಂದೆಡೆ ಕೂಡಿಕೊಂಡು ಬಿರುಕನ್ನು ಹುಟ್ಟಿಸುತ್ತದೆ. ಹೊಸದರಲ್ಲಿ ಆ ಮೂಲೆಯನ್ನು ದುಂಡಗೆ ಮಾಡಿ, ಬುಡವನ್ನು ದಪ್ಪಗೊಳಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಸೌದೆಯು ಎಳೆಯ ಗುಂಟ ಸುಲಭವಾಗಿ ಸೀಳುವಂತೆ, ಮುದ್ರಿಸಿದ ವಸ್ತುವು ಪದರಗಳ ನಡುವೆ ಸುಲಭವಾಗಿ ಬಿಡುತ್ತದೆ. ಕಾಲನ್ನು ನಿಲ್ಲಿಸಿ ಮುದ್ರಿಸಿದರೆ ಅದು ಅಡ್ಡಲಾಗಿ ಮುರಿದೀತು. ಮಲಗಿಸಿ ಮುದ್ರಿಸಿದರೆ ಪದರಗಳು ಉದ್ದಕ್ಕೂ ಹರಿದು ಬಲ ಕೊಡುತ್ತವೆ.

ಸಡಿಲವಾದ ರಂಧ್ರದ ಬಗೆಗೂ ಹೀಗೆಯೇ ಯೋಚಿಸಬೇಕು. ಬುಡದಲ್ಲಿ ಒಂದೇ ಒಂದು ಡಿಗ್ರಿ ಸಡಿಲವಿದ್ದರೂ ಒಂದು ಮೀಟರ್ ಮೇಲಿನ ತುದಿಯು ಸುಮಾರು 1.7 ಸೆಂಟಿಮೀಟರ್ ಓಲಾಡುತ್ತದೆ. ಪ್ಲಾಸ್ಟಿಕ್ಕಿನ ಬಿಗಿಯನ್ನೇ ನಂಬದೆ, ಒಳಗೆ ಲೋಹದ ನಟ್ಟನ್ನು ಕೂರಿಸಿ ತಿರುಪಿನಿಂದ ಸರಳನ್ನು ಬಿಗಿಯುವಂತೆ ಮಾಡಿದರೆ ಈ ದೋಷ ನೀಗುತ್ತದೆ. ಗಾಳಿಯನ್ನು ನೋಡಿ ಸರಳನ್ನು ತುಸು ವಾಲಿಸುವ ಪದ್ಧತಿಯುಂಟು. ಆದರೆ ನೇರ ನಿಲುವಿನಿಂದ 30 ಡಿಗ್ರಿಯನ್ನು ಮೀರಕೂಡದೆಂದು ಸಂಘದ ನಿಯಮ. ಅದಕ್ಕಿಂತ ಹೆಚ್ಚು ವಾಲದಂತೆ ಕೀಲಿನಲ್ಲಿಯೇ ಒಂದು ತಡೆಯನ್ನು ಮುದ್ರಿಸಬಹುದು. ಹಳೆಯದನ್ನು ಉತ್ತಮಗೊಳಿಸುವುದೆಂದರೆ ಹೀಗೆ.

ಎಲ್ಲವನ್ನೂ ಮುದ್ರಿಸಬಹುದೆಂಬ ಉತ್ಸಾಹಕ್ಕೂ ಮಿತಿ ಬೇಕು. ಮನೆಯ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್ಎ ಎಂಬ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೂ ಅದು ಸೊಟ್ಟಗಾದೀತು. ರಾಕೆಟ್ಟಿನ ಜ್ವಾಲೆಯನ್ನು ಅದು ತಡೆಯುವುದೆಂತು? ಆದುದರಿಂದ ಜ್ವಾಲೆಯ ತಟ್ಟೆಯೂ ಸರಳೂ ಉಕ್ಕಿನವೇ ಆಗಿರಬೇಕು. ತಟ್ಟೆಗೂ ಮಣೆಗೂ ನಡುವೆ ಲೋಹದ ಬಿಲ್ಲೆಗಳನ್ನಿಟ್ಟು ಗಾಳಿಯಾಡುವ ಸಂದನ್ನು ಬಿಡಬೇಕು. ಹಳಬರು ಲೋಹವನ್ನು ಬಳಸಿದ್ದು ಬೇರೆ ಗತಿಯಿಲ್ಲದೆ ಅಲ್ಲ, ಅರಿತೇ ಬಳಸಿದರು.

ಹಾಗೆಯೇ ಉಳಿಸಿಕೊಳ್ಳಬೇಕಾದ ಇನ್ನೊಂದು ಹಳೆಯ ಏರ್ಪಾಡು ಸುರಕ್ಷೆಯ ಕೀಲಿ. ಅದನ್ನು ಪೆಟ್ಟಿಗೆಗೆ ತೂರಿಸದೆ ಗುಂಡಿಯನ್ನೊತ್ತಿದರೆ ವಿದ್ಯುತ್ತು ಹರಿಯದು. ಬಾಗಿದವರ ಕಣ್ಣಿಗೆ ಸರಳಿನ ತುದಿ ಚುಚ್ಚದಂತೆ ಅದಕ್ಕೊಂದು ಟೊಪ್ಪಿಗೆಯಿರುತ್ತದೆ. ಕೀಲಿಯನ್ನೂ ಟೊಪ್ಪಿಗೆಯನ್ನೂ ಒಂದಕ್ಕೊಂದು ಕೂಡಿಸಿರುವುದುಂಟು. ಟೊಪ್ಪಿಗೆ ಸರಳಿನ ಮೇಲಿದ್ದರೆ ಕೀಲಿ ಪೆಟ್ಟಿಗೆಯಲ್ಲಿರಲಾರದು. ಕೀಲಿ ಪೆಟ್ಟಿಗೆಯಲ್ಲಿದ್ದರೆ ಯಾರೂ ಪೀಠದ ಬಳಿ ಬಾಗಿ ನಿಂತಿರಬಾರದು. ಎಷ್ಟು ಸರಳವಾದ ಉಪಾಯ! ಇದರ ಅರ್ಥವನ್ನು ತಿಳಿಯದೆ, ಕೀಲಿ ಒಂದು ತೊಡಕೆಂದು ಬಿಟ್ಟುಬಿಟ್ಟವನು ಪ್ರತಿಕೃತಿಯಿಂದ ಪ್ರಾಣವನ್ನೇ ತೆಗೆದುಹಾಕಿದಂತೆ.

ಪೀಠ ಸಿದ್ಧವಾದಮೇಲೆ ಪರೀಕ್ಷೆ. ಮೊದಲು ಮದ್ದಿಲ್ಲದೆ ರಾಕೆಟ್ಟನ್ನು ಸರಳಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಬೇಕು, ಎಲ್ಲಿಯೂ ತಡೆಯಬಾರದು. ಬೆಂಕಿ ಹಚ್ಚುವ ತಂತಿಯ ಸ್ಥಾನದಲ್ಲಿ ಸಣ್ಣ ದೀಪವನ್ನಿಟ್ಟು ಗುಂಡಿಯನ್ನೊತ್ತಿ ನೋಡಬೇಕು. ಹಾರಿಸುವಾಗ ಸಣ್ಣ ರಾಕೆಟ್ಟಿಗೂ ಕನಿಷ್ಠ 15 ಅಡಿ ದೂರ ನಿಲ್ಲಬೇಕು. ಗಟ್ಟಿಯಾಗಿ ಐದರಿಂದ ಇಳಿಯೆಣಿಕೆ ಮಾಡಬೇಕು. ಗುಂಡಿಯನ್ನೊತ್ತಿಯೂ ಹಾರದಿದ್ದರೆ ಕೀಲಿಯನ್ನು ತೆಗೆದು 60 ಸೆಕೆಂಡು ಕಾಯಬೇಕು. ಆ ಒಂದು ನಿಮಿಷ ಬಹು ದೀರ್ಘವೆನಿಸುತ್ತದೆ. ಆದರೆ ತಾಳ್ಮೆಗೆಟ್ಟು ಓಡಿದ ಬಾಲಕರ ದುರಂತಗಳೇ ಈ ಕಾಯುವಿಕೆಯನ್ನು ಕಲಿಸಿವೆ. ಮದ್ದನ್ನು ಮನೆಯಲ್ಲಿ ಬೆರೆಸುವ ಸಾಹಸವನ್ನಂತೂ ಯಾರೂ, ಯಾವ ದೇಶದಲ್ಲಿಯೂ ಮಾಡಲಾಗದು.

ರಾಕೆಟ್ಟು ನೂರಾರು ಅಡಿ ಏರಿ, ಬಣ್ಣದ ಕೊಡೆಯನ್ನರಳಿಸಿ ಇಳಿಯುತ್ತದೆ. ಮಕ್ಕಳು ಅದನ್ನು ಹಿಡಿಯಲು ಓಡುತ್ತಾರೆ. ಹೊಗೆ ಬಡಿದು ಕಪ್ಪಾದ ತಟ್ಟೆಯೊಡನೆ ಪೀಠವು ಇದ್ದಲ್ಲಿಯೇ ನಿಂತಿರುತ್ತದೆ. ಅದು ದುಡಿದದ್ದು ರೆಪ್ಪೆ ಮಿಟುಕಿಸುವಷ್ಟು ಹೊತ್ತು. ತೋರಿಸಿದ್ದು ಒಂದು ಮೀಟರಿನ ದಾರಿ. ಉಳಿದ ದಾರಿಯೆಲ್ಲ ನೆಟ್ಟಗಾದದ್ದು ಅದರಿಂದ.

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮೈಸೂರಿನ ರಾಕೆಟ್ಟಿಗೆ ಬಿದಿರಿನ ಗಳುವನ್ನು ಏಕೆ ಕಟ್ಟುತ್ತಿದ್ದರು?
2. 'ಬಿ6-4' ಎಂಬುದರಲ್ಲಿ 4 ಏನನ್ನು ಸೂಚಿಸುತ್ತದೆ?
3. ಜ್ವಾಲೆಯ ತಟ್ಟೆಯನ್ನು ಪ್ಲಾಸ್ಟಿಕ್ಕಿನಿಂದ ಏಕೆ ಮಾಡಬಾರದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರೆಕ್ಕೆಗಳಿದ್ದರೂ ರಾಕೆಟ್ಟಿಗೆ ಸರಳು ಬೇಕು ಏಕೆ?
2. ಕೀಲಿಯನ್ನೂ ಟೊಪ್ಪಿಗೆಯನ್ನೂ ಕೂಡಿಸಿರುವುದರ ಉದ್ದೇಶವನ್ನು ವಿವರಿಸಿರಿ.
3. ಹಳೆಯ ಪೀಠದಲ್ಲಿ ತಿದ್ದಬೇಕಾದುದು ಯಾವುದು? ಉಳಿಸಿಕೊಳ್ಳಬೇಕಾದುದು ಯಾವುದು? ಕಾರಣ ಕೊಡಿರಿ.

ಇ) ಈ ಗಾದೆಗಳನ್ನು ಪಾಠದ ಸಂದರ್ಭಕ್ಕೆ ಹೊಂದಿಸಿ ವಿಸ್ತರಿಸಿರಿ.
1. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?
2. ಅಜ್ಜ ನೆಟ್ಟ ಆಲದಮರಕ್ಕೆ ನೇಣು ಹಾಕಿಕೊಂಡಂತೆ.

ಈ) ನಿಮ್ಮ ಮನೆಯಲ್ಲಿ ಮುರಿದುಹೋದ ಒಂದು ವಸ್ತುವನ್ನು ಪರೀಕ್ಷಿಸಿ, ಅದು ಎಲ್ಲಿ ಮತ್ತು ಏಕೆ ಮುರಿಯಿತೆಂಬುದನ್ನು ಚಿತ್ರಸಹಿತ ಬರೆಯಿರಿ.