ಅಳಿದುಹೋದ ಸ್ಕಾಟರ ದೇವಾಲಯ

ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಮಾರ್ಲ್‌ಬರೋ ಎಂಬ ಚಿಕ್ಕ ಊರಿನ ಬಳಿ ಒಂದು ಪುರಾತನ ಸ್ಮಶಾನವುಂಟು. ಅದರೊಳಗಿದ್ದ ಪ್ರೆಸ್ಬಿಟೇರಿಯನ್ ದೇವಾಲಯವು ಈಗ ಇಲ್ಲ. ಅದು ಇದ್ದಿತೆಂಬುದನ್ನು ನಾವು ಅರಿಯುವುದು ಹೇಗೆ?

ಮತದ ನಿಮಿತ್ತ ಸ್ವದೇಶದಲ್ಲಿ ಹಿಂಸೆಯನ್ನು ಅನುಭವಿಸಿದ ಸ್ಕಾಟ್ಲೆಂಡಿನವರು 1680ರ ದಶಕದಲ್ಲಿ ಈ ಸೀಮೆಗೆ ಬಂದರು. ಆ ಶತಮಾನವು ಮುಗಿಯುವುದರೊಳಗೆ ದೇವಾಲಯವನ್ನು ಕಟ್ಟಿದರೆಂದು ಪ್ರತೀತಿ. ಬೋಧಕರೂ ಹಿರಿಯರೂ ಕೂಡಿ ಸಭೆಗಳನ್ನು ನಡೆಯಿಸುವ ಕೂಟಕ್ಕೆ ಪ್ರೆಸ್ಬಿಟರಿ ಎಂದು ಹೆಸರು. ಅಮೆರಿಕದ ಮೊದಲ ಪ್ರೆಸ್ಬಿಟರಿಯ ನಡವಳಿ ಪುಸ್ತಕವು ಉಳಿದಿದೆ; ಮೊದಲ ಹಾಳೆ ಮಾತ್ರ ಕಳೆದುಹೋಗಿದೆ. ರಟ್ಟು ಕಳಚಿದ ಪುಸ್ತಕದ ಗತಿಯನ್ನು ನಮ್ಮ ಬಾಲಿಕೆಯರು ಚೆನ್ನಾಗಿ ಬಲ್ಲರು! ಉಳಿದ ಬರಹವು ವಾಕ್ಯದ ನಡುವಿನಿಂದಲೇ ಆರಂಭವಾಗುತ್ತದೆ. ಆದರೂ 1706ನೆಯ ಡಿಸೆಂಬರ್ 29ರಂದು, ಆಗ ಫ್ರೀಹೋಲ್ಡ್ ಎನಿಸಿದ್ದ ಈ ಸ್ಥಳದಲ್ಲಿ, ಜಾನ್ ಬಾಯ್ಡರಿಗೆ ಬೋಧಕ ದೀಕ್ಷೆಯನ್ನಿತ್ತ ಸಂಗತಿಯು ಅದರಲ್ಲಿದೆ. ಆ ದೇಶದಲ್ಲಿ ದಾಖಲೆಯುಳ್ಳ ಪ್ರಥಮ ಪ್ರೆಸ್ಬಿಟೇರಿಯನ್ ದೀಕ್ಷೆ ಇದೇ. ಬಾಯ್ಡರು 1708ರಲ್ಲಿಯೇ ತೀರಿಕೊಂಡರು. ಅವರ ಸಮಾಧಿಶಿಲೆಯ ಲ್ಯಾಟಿನ್ ಲೇಖವು ಎರಡನೆಯ ಸಾಕ್ಷಿ.

ಕಟ್ಟಡವು ಅಳಿದರೂ ಸಭೆಯು ಅಳಿಯಲಿಲ್ಲ. ಅದು ಕೆಲವು ಮೈಲಿಗಳಾಚೆಗೆ ನೆಲೆಯನ್ನು ಬದಲಿಸಿ 1751ರಲ್ಲಿ ಕಟ್ಟಿದ ಟೆನೆಂಟ್ ದೇವಾಲಯವು ಇಂದಿಗೂ ನಿಂತಿದೆ. 1778ರ ಮನ್ಮತ್ ಯುದ್ಧದಲ್ಲಿ ಗಾಯಗೊಂಡವರನ್ನು ಅದರೊಳಗೇ ಮಲಗಿಸಿದ್ದರು. ಹಳೆಯ ಸ್ಥಳದಲ್ಲಿ 1900ರಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು.