ಮಾವಿನ ಹಣ್ಣು ಕೊಳೆಯುವುದು ಯಾಕೆ?

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು. ಅಲ್ಲಿ ಬಾದಾಮಿ, ತೋತಾಪುರಿ, ನೀಲಂ ಬೆಳೆಯುತ್ತಾರೆ. ಮಾವು ವರ್ಷಕ್ಕೆ ಒಂದೇ ಫಸಲು. ಮನೆ ಖರ್ಚು, ಮಕ್ಕಳ ಓದು, ಸಂಘದ ಸಾಲ ಎಲ್ಲಾ ಅದರಲ್ಲೇ ನಡೀಬೇಕು.

ಗಿಡದಲ್ಲಿ ಕಾಯಿ ಚೆನ್ನಾಗಿಯೇ ಇರುತ್ತೆ. ಹಣ್ಣಾಗುವಾಗ ಕಪ್ಪು ಚುಕ್ಕೆ ಬೀಳುತ್ತೆ. ಚುಕ್ಕೆ ಹರಡಿ ಹಣ್ಣು ಕೊಳೆಯುತ್ತೆ. ವ್ಯಾಪಾರಿ ಬೆಲೆ ಇಳಿಸುತ್ತಾನೆ. "ಯಾರದೋ ಕಣ್ಣು ಬಿತ್ತು" ಅಂತ ನಾವು ಸುಮ್ಮನಾಗುತ್ತೇವೆ. ಆದರೆ ಇದು ಕಣ್ಣು ಬಿದ್ದಿದ್ದಲ್ಲ. ಇದು ಚಿಬ್ಬು ರೋಗ.

ಉಪ್ಪಿನಕಾಯಿಗೆ ಬೂಷ್ಟು ಬರುತ್ತಲ್ಲ, ಚಿಬ್ಬು ರೋಗಕ್ಕೂ ಅಂಥ ಒಂದು ಬೂಷ್ಟೇ ಕಾರಣ. ಅದು ಒಣಗಿದ ಕಡ್ಡಿ, ಎಲೆಗಳಲ್ಲಿ ಇರುತ್ತೆ. ಮಳೆ ಹನಿಯ ಜೊತೆ ಹೂವಿಗೆ, ಎಳೆ ಕಾಯಿಗೆ ಇಳಿಯುತ್ತೆ. ಕಾಯಿಯ ಸಿಪ್ಪೆಯೊಳಗೆ ಅಡಗಿ ಕೂರುತ್ತೆ. ಕಾಯಿ ಹಣ್ಣಾದಾಗ ಎದ್ದು ಬರುತ್ತೆ. ಅದಕ್ಕೇ ಕೊಯ್ಲಿಗೆ ಮೊದಲೂ ಜೋಪಾನ ಬೇಕು, ಆಮೇಲೂ ಬೇಕು.

ಕೊಯ್ಲಿಗೆ ಮೊದಲು

ಒಣಗಿದ ಕಡ್ಡಿಗಳನ್ನು ಕತ್ತರಿಸಿ ತೋಟದಿಂದ ಹೊರಗೆ ಹಾಕೋಣ. ಗಿಡದೊಳಗೆ ಗಾಳಿ, ಬಿಸಿಲು ಆಡಲಿ.

ಹೂವಿನ ಮೇಲೆ ಬೂದಿ ಚೆಲ್ಲಿದಂತೆ ಕಂಡರೆ ಅದು ಬೂದಿ ರೋಗ. ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಂ ಹಾಕಿ ಸಿಂಪಡಿಸಬೇಕು. ಹೂವು ಪೂರ್ತಿ ಅರಳಿದಾಗ ಔಷಧಿ ಬೇಡ. ಜೇನು, ನೊಣ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ.

ಚಿಬ್ಬು ರೋಗದ ಔಷಧಿಯನ್ನು ತೋಟಗಾರಿಕೆ ಇಲಾಖೆಯಲ್ಲಿ ಕೇಳೋಣ. ಔಷಧಿ ಹೊಡೆದ ಎಷ್ಟು ದಿನಕ್ಕೆ ಕಾಯಿ ಕೀಳಬಹುದು? ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಬರೆದಿರುತ್ತೆ. ಈಗ ನಮಗೆ ಓದೋಕೆ ಬರುತ್ತೆ. ಅಂಗಡಿಯವರ ಮಾತಿಗೆ ಕಾಯುವುದು ಬೇಡ. ನಾವೇ ಓದೋಣ.

ಕೊಯ್ಲಿನಲ್ಲಿ, ಆಮೇಲೆ

ಗಿಡ ಅಲ್ಲಾಡಿಸಿ ಕಾಯಿ ಉದುರಿಸಬಾರದು. ಪೆಟ್ಟು ಬಿದ್ದ ಕಡೆ ರೋಗ ಬೇಗ ಹಿಡಿಯುತ್ತೆ. ಬಲೆ ಕಟ್ಟಿದ ದೋಟಿಯಿಂದ ಕೀಳೋಣ. ಒಂದು ಅಂಗುಲ ತೊಟ್ಟು ಇರಲಿ. ತೊಟ್ಟು ಕಿತ್ತರೆ ಸೊನೆ ಸುರಿದು ಸಿಪ್ಪೆ ಸುಟ್ಟು ಕಪ್ಪಾಗುತ್ತೆ. ಕಾಯಿಯನ್ನು ಮಣ್ಣಿನ ಮೇಲೆ ಹಾಕದೆ ನೆರಳಲ್ಲಿ ಇಡೋಣ. ಬಿದ್ದ ಕಾಯಿ ಬೇರೆ ಇರಲಿ.

ಬಿಸಿ ನೀರು ಒಳ್ಳೆಯ ಔಷಧಿ. 52 ಡಿಗ್ರಿ ಬಿಸಿ ನೀರಿನಲ್ಲಿ ಕಾಯಿಗಳನ್ನು 10 ನಿಮಿಷ ಮುಳುಗಿಸಬೇಕು. ಸಿಪ್ಪೆಯಲ್ಲಿ ಅಡಗಿದ ಬೂಷ್ಟು ಅಲ್ಲೇ ಸಾಯುತ್ತೆ. ಆಮೇಲೆ ತಣ್ಣೀರಲ್ಲಿ ಆರಿಸಿ, ನೆರಳಲ್ಲಿ ಒಣಗಿಸಬೇಕು. ಕೈ ಅಂದಾಜು ಸಾಲದು. ಬಿಸಿ ಹೆಚ್ಚಾದರೆ ಕಾಯಿ ಬೆಂದುಹೋಗುತ್ತೆ. ಕಡಿಮೆಯಾದರೆ ರೋಗ ಉಳಿಯುತ್ತೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ನೀರಿನ ಬಿಸಿ ಅಳೆಯುವ ಥರ್ಮಾಮೀಟರ್ ಬೇಕು. ಸಂಘದಿಂದ ಒಂದು ಕೊಂಡರೆ ಎಲ್ಲರಿಗೂ ಆಗುತ್ತೆ.

ಹಣ್ಣು ಮಾಡಲು ಭತ್ತದ ಹುಲ್ಲು ಸಾಕು. ಕಾರ್ಬೈಡ್ ಬೇಡ. ಅದು ಆರೋಗ್ಯಕ್ಕೆ ಕೆಟ್ಟದ್ದು, ಕಾನೂನೂ ಅದನ್ನು ನಿಷೇಧಿಸಿದೆ.

ಓದಿ, ಉತ್ತರ ಹೇಳಿ

1. ಚಿಬ್ಬು ರೋಗ ಕಾಯಿಯಲ್ಲಿ ಎಲ್ಲಿ ಅಡಗಿರುತ್ತದೆ?
2. ಕಾಯಿಗೆ ತೊಟ್ಟು ಯಾಕೆ ಬಿಡಬೇಕು?
3. ಲೀಟರಿಗೆ 3 ಗ್ರಾಂ ಗಂಧಕ. 15 ಲೀಟರ್ ನೀರಿಗೆ ಎಷ್ಟು ಗ್ರಾಂ?

ಬರೆಯಿರಿ: ಮಾವು, ತೊಟ್ಟು, ಸೊನೆ, ಚಿಬ್ಬು, ದೋಟಿ.